ಬೆನ್ನಿನಿಂದ ಕೇಳುವ ಹಮ್ಮಣ್ಣ

ಹಮ್ಮಣ್ಣ ಯಾವ ಕಾರಿನ ಹಾಡನ್ನೂ ಮೊದಲು ಕಿವಿಯಿಂದ ಕೇಳಿದವನಲ್ಲ. ಗಾಡಿ ಬಂದು ನಿಂತ ಕೂಡಲೇ ಡಿಕ್ಕಿಗೆ ಬೆನ್ನು ಕೊಟ್ಟು ನಿಂತು, ಕಣ್ಣು ಮುಚ್ಚಿ, "ಹ್ಞಾಂ, ಹಾಕಿ" ಎನ್ನುತ್ತಿದ್ದ. ಹಾಡು ಶುರುವಾದರೆ ತೆಂಗಿನ ಮರಕ್ಕೆ ಮೈ ತಿಕ್ಕುವ ಎಮ್ಮೆಯ ಹಾಗೆ ಸ್ವಲ್ಪ ಆಚೆ, ಸ್ವಲ್ಪ ಈಚೆ ಸರಿಯುತ್ತಿದ್ದ. ಅರ್ಧ ಹಾಡು ಮುಗಿಯುವುದರೊಳಗೆ ರೋಗ ಯಾವುದೆಂದು ಹೇಳಿಬಿಡುತ್ತಿದ್ದ. ಎಡಬದಿಯ ಸ್ಕ್ರೂ ಸಡಿಲ, ಅಥವಾ ತಂತಿ ಸಪೂರವಾಯಿತು, ಅಥವಾ ಸ್ಪೀಕರಿನ ಕಾಯಿಲ್ ಸುಡುತ್ತಾ ಇದೆ. ಮೊದಲ ಸಲ ನೋಡಿದವರಿಗೆಲ್ಲ ನಗು ಬರುತ್ತಿತ್ತು. ನಾನೂ ನಕ್ಕವಳೇ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, "ಕಿವಿ ಹಾಡಿಗೆ ಮರುಳಾಗ್ತದೆ ಅಕ್ಕೋರೆ. ಬೆನ್ನಿಗೆ ಹಾಡು ಗೊತ್ತಿಲ್ಲ. ಪೆಟ್ಟು ಮಾತ್ರ ಗೊತ್ತು" ಎಂದಿದ್ದ.

ಹೊನ್ನಾವರದಲ್ಲಿ ಶರಾವತಿ ಸೇತುವೆ ಸಿಗುವ ಮುಂಚೆ, ಹೆದ್ದಾರಿಯ ಬದಿಗೆ ಅವನ ಅಂಗಡಿ. ಒಂದು ಶಟರು, ಮುಂದೊಂದು ತಗಡಿನ ಚಪ್ಪರ, ಪಕ್ಕದಲ್ಲಿ ಚಾದಂಗಡಿ. ಬೋರ್ಡಿನ ಮೇಲೆ ಏನೋ ಉದ್ದದ ಇಂಗ್ಲಿಷ್ ಹೆಸರಿತ್ತು. ಅದನ್ನು ಓದಿದವರು ಕಡಿಮೆ. ಸಬ್‌ವೂಫರ್ ಕೂರುವ ಮರದ ಪೆಟ್ಟಿಗೆಗೆ ನಮ್ಮ ಕಡೆ ಡಬ್ಬಿ ಅನ್ನುತ್ತಾರೆ, ಹಾಗಾಗಿ ಅವನು ಡಬ್ಬಿ ಹಮ್ಮಣ್ಣ. ಊರು ಕತಗಾಲದ ದಾರಿಯಲ್ಲಿರುವ ಒಂದು ಕೊಪ್ಪ, ಹಾಲಕ್ಕಿ ಒಕ್ಕಲಿಗರ ಸಣ್ಣ ಕೇರಿ. ಅಲ್ಲಿಂದ ದಿನಾ ಬೈಕಿನಲ್ಲಿ ಹೊನ್ನಾವರಕ್ಕೆ ಬಂದು ಹೋಗುತ್ತಿದ್ದ. ಹತ್ತಿರದ ಕುಮಟಾ ಬಿಟ್ಟು ಇಲ್ಲಿ ಯಾಕೆ ಅಂಗಡಿ ಹಾಕಿದ ಎಂದರೆ, ಭಟ್ಕಳದವರಿಗೂ ಕುಮಟಾದವರಿಗೂ ನಡು ಆಗುತ್ತದೆ ಎನ್ನುತ್ತಿದ್ದ. ಭಟ್ಕಳದ ಹುಡುಗರ ಹತ್ತಿರ ಉರ್ದು, ಮೀನಿನ ವ್ಯಾನಿನವರ ಹತ್ತಿರ ಕೊಂಕಣಿ, ನನ್ನಂಥವರ ಹತ್ತಿರ ಕನ್ನಡ, ಮೂರರಲ್ಲೂ ಸಮಾ ತಮಾಷೆ ಮಾಡಬಲ್ಲವನು. ಈ ಮೂರು ಊರುಗಳ ನಡುವೆ ಗುಂಯ್‌ಗುಡುವ ಗಾಡಿಗಳೆಲ್ಲ ಅವನ ಕೈ ದಾಟಿ ಹೋದವೇ. ಅವನು ಮಾಡಿದ ಸೌಂಡನ್ನು ಒಂದು ಸಲವೂ ಕೇಳದವರು ಒಬ್ಬರೇ ಇದ್ದರು, ಅದೇ ಮನೆಯಲ್ಲಿ ಇದ್ದ ಅವನ ಅಪ್ಪ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಅವನಲ್ಲಿಗೆ ಹೋದದ್ದು ಡಬ್ಬಿ ತೆಗೆಸಿ ಬಿಸಾಡುವುದಕ್ಕೆ. ಕುಮಟಾದಿಂದ ಮಂಕಿಯ ಹತ್ತಿರದ ನನ್ನ ಶಾಲೆಗೆ ವರ್ಷಗಟ್ಟಲೆ ಬಸ್ಸಿನಲ್ಲಿ ನಿಂತು ಓಡಾಡಿ ಸಾಕಾಗಿ, ಐವತ್ತು ಹತ್ತಿರ ಬಂದ ಮೇಲೆ ಕಾರು ಬಿಡುವುದನ್ನು ಕಲಿತೆ. ದುಬೈಗೆ ಹೊರಟಿದ್ದ ಭಟ್ಕಳದ ಹುಡುಗನೊಬ್ಬನ ಹಳೇ ಕಾರು ಕೊಂಡೆ. ಕಾರು ಚೆನ್ನಾಗಿಯೇ ಇತ್ತು. ಆದರೆ ಡಿಕ್ಕಿ ತೆಗೆದರೆ ಒಳಗೆ ಅಕ್ಕಿ ಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಡಬ್ಬಿ, ಅದರ ಮೂತಿಗೆ ಊಟದ ತಟ್ಟೆಯಷ್ಟು ಅಗಲದ ಸ್ಪೀಕರು. ಹಾಡು ಹಾಕದಿದ್ದರೂ ಅದು 'ಕುಂಯ್' ಎನ್ನುತ್ತಿತ್ತು. ನಾನು ಆಕ್ಸಿಲರೇಟರ್ ಒತ್ತಿದಂತೆ ಅದರ ಸ್ವರವೂ ಏರುತ್ತಿತ್ತು. ಇಡೀ ದಿನ ಮಕ್ಕಳ ಗಲಾಟೆ ಕೇಳಿ ಮನೆಗೆ ಹೊರಟರೆ ದಾರಿಯುದ್ದಕ್ಕೂ ಇದರ ರಾಗ. ಇದನ್ನು ಕಿತ್ತು ಹಾಕಿ ಎಂದು ಸಿಟ್ಟಿನಲ್ಲೇ ಹೇಳಿದೆ.

ಹಮ್ಮಣ್ಣ ಬೆನ್ನು ಕೊಟ್ಟು ನಿಂತು ಕೇಳಿ, "ಬಿಸಾಡೂದು ಯಾವಾಗ್ಲೂ ಆಗ್ತದೆ. ಅದು ಎಂತಕೆ ಕೂಗ್ತದೆ ಹೇಳಿ ಒಂದು ಸಲ ಕೇಳ್ವ" ಎಂದ.

ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿ ಆಂಪ್ಲಿಫೈಯರಿನಿಂದ ಹೊರಟ ಕಪ್ಪು ತಂತಿಯನ್ನು ಹಿಡಿದುಕೊಂಡು ಹೋದ. ಆ ತಂತಿ ಗಾಡಿಯ ಬರೀ ಲೋಹಕ್ಕೆ ಕಚ್ಚಿಕೊಂಡಿರಬೇಕಂತೆ. ಹಿಂದಿನವರು ಬಣ್ಣದ ಮೇಲೆಯೇ ಬೋಲ್ಟು ಬಿಗಿದಿದ್ದರು. ಮೇಲಿಂದ ನಮ್ಮ ಕಡಲ ಗಾಳಿಯ ಉಪ್ಪು ಬೇರೆ. ಬೋಲ್ಟಿನ ಸುತ್ತ ಕೆಂಪಗೆ ತುಕ್ಕು ಹಿಡಿದಿತ್ತು. "ಅರ್ತ್ ಇಲ್ಲ ನೋಡಿ. ಕಾಲೂರೂಕೆ ಜಾಗ ಇಲ್ದಿದ್ರೆ ಯಾರಾದ್ರೂ ಕೂಗ್ತಾರೆ, ನೀವಾದ್ರೂ, ನಾನಾದ್ರೂ" ಎಂದ. ಎಮರಿ ಕಾಗದದಿಂದ ಆ ಜಾಗವನ್ನು ಬೆಳ್ಳಗೆ ಹೊಳೆಯುವ ತನಕ ಉಜ್ಜಿ, ತಂತಿ ಬಿಗಿದು, ಮೇಲೆ ಒಂದು ಚೂರು ಗ್ರೀಸು ಮೆತ್ತಿದ. ಗಾಡಿ ಶುರು ಮಾಡಿದೆ. ಕುಂಯ್ ಇಲ್ಲ. ಅಷ್ಟು ಹೊತ್ತು ಯಾರೋ ನನ್ನ ತಲೆ ಮೇಲೆ ಕೈ ಇಟ್ಟುಕೊಂಡಿದ್ದು ಈಗ ತೆಗೆದ ಹಾಗಾಯಿತು.

ಅಷ್ಟಕ್ಕೇ ನಾನು ಹೊರಡಬೇಕಿತ್ತು. "ಒಂದೇ ಒಂದು ಕೇಳಿ ಹೋಗಿ" ಎಂದು ಅವನು ತನ್ನ ಪೆನ್‌ಡ್ರೈವ್ ಚುಚ್ಚಿ ಯಕ್ಷಗಾನದ ಒಂದು ತುಣುಕು ಹಾಕಿದ. ನಾನು ಮದ್ದಳೆಯನ್ನು ಚಿಕ್ಕಂದಿನಿಂದ ಕೇಳಿದವಳು; ಆದರೆ ಮನೆಯ ಟಿವಿಯಲ್ಲಿ, ಫೋನಿನಲ್ಲಿ ಕೇಳಿ ಕೇಳಿ ಅದರ ಎಡಗೈಯ ದಪ್ಪ ಪೆಟ್ಟೇ ಮರೆತು ಹೋಗಿತ್ತು. ಆ ದಿನ ಅದು ಸೀಟಿನ ಅಡಿಯಿಂದ ಎದ್ದು ಬಂದು ನನ್ನ ಬೆನ್ನುಹುರಿಗೆ ತಟ್ಟಿತು. ನಾನು ಬಾಯಿ ತೆರೆದುಕೊಂಡು ಕೂತಿದ್ದೆನಂತೆ, ಆಮೇಲೆ ಎಷ್ಟೋ ಸಲ ಅದನ್ನು ನಟಿಸಿ ತೋರಿಸಿದ್ದಾನೆ.

"ಈಗ ತೆಗೀಲಾ ಡಬ್ಬಿ?"

"ಇರಲಿ, ನಾಳೆ ನೋಡುವ" ಎಂದೆ. ಆ ನಾಳೆ ಇನ್ನೂ ಬಂದಿಲ್ಲ. ನನ್ನ ಕಾರಿನಲ್ಲಿ ತೆಂಗಿನಕಾಯಿ ಚೀಲ ಈಗಲೂ ಹಿಂದಿನ ಸೀಟಿನಲ್ಲಿ ಕೂತೇ ಪ್ರಯಾಣ ಮಾಡುತ್ತದೆ.

ಅಲ್ಲಿಂದ ಶುರುವಾಯಿತು ನನ್ನ ಹುಚ್ಚು. ವಾರಕ್ಕೊಮ್ಮೆಯಾದರೂ ಶಾಲೆ ಬಿಟ್ಟು ಬರುವಾಗ ಅವನ ಚಪ್ಪರದಡಿ ಗಾಡಿ ನಿಲ್ಲಿಸುತ್ತಿದ್ದೆ. ಮೊದಲು ನೀವು ಎನ್ನುತ್ತಿದ್ದವಳು ಮಳೆಗಾಲ ಕಳೆಯುವುದರೊಳಗೆ ನೀನು ಅನ್ನತೊಡಗಿದ್ದೆ. ನನಗೊಬ್ಬ ತಮ್ಮ ಇದ್ದಿದ್ದರೆ ಅವನದೇ ವಯಸ್ಸು. ಅವನು ಮಾತ್ರ ಇವತ್ತಿನ ತನಕ ಅಕ್ಕೋರೆ ಬಿಟ್ಟಿಲ್ಲ. ನಮ್ಮಲ್ಲಿ ಶಾಲೆ ಕಲಿಸುವ ಹೆಂಗಸು ಯಾವ ಊರಿಗೆ ಹೋದರೂ ಅಕ್ಕೋರೇ.

ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ಕಾಲ. ಹೊಂಡ ಹಾರಿ ಹಾರಿ ಒಂದು ದಿನ ನನ್ನ ಸೌಂಡಿನಲ್ಲಿ 'ಗರ್ರ್' ಅಂತ ಸೇರಿಕೊಂಡಿತು. ಸ್ಪೀಕರು ಹರಿಯಿತು ಎಂದು ನಾನು ಗಾಬರಿಯಾಗಿ ಓಡಿದೆ, ಹೊಸದು ಹಾಕು ಎಂದೆ. ಹಮ್ಮಣ್ಣ ಸ್ಕ್ರೂಡ್ರೈವರನ್ನು ಕೆಳಗಿಟ್ಟು ಪಾಠ ಮಾಡಿದ, ಅದೂ ಪಾಠ ಮಾಡುವವಳಿಗೆ. "ಒಂದು ಸಲಕ್ಕೆ ಒಂದೇ ಮುಟ್ಟೂದು. ಎರಡು ಒಟ್ಟಿಗೆ ಬದಲು ಮಾಡಿದ್ರೆ ಪಾಪ ಮಾಡಿದ್ದು ಯಾವ್ದು ಹೇಳೂದು ಗೊತ್ತೇ ಆಗೂದಿಲ್ಲ." ಫೋನಿನಿಂದ ಒಂದೇ ಸಮ ಗುಂಗುಡುವ ಸ್ವರ ಹಾಕಿ, ಅಂಗೈಯಿಂದ ಗಾಡಿಯ ಒಂದೊಂದೇ ಜಾಗವನ್ನು ಒತ್ತುತ್ತಾ ಹೋದ. ನಂಬರ್ ಪ್ಲೇಟು ಒತ್ತಿದಾಗ ಗರ್ರ್ ಅರ್ಧ ಆಯಿತು. ಅದರ ಹಿಂದೆ ರಬ್ಬರಿನ ತುಂಡು ಇಟ್ಟ. ಡಿಕ್ಕಿ ಬಾಗಿಲಿನ ಒಳಹಾಸು ಒತ್ತಿದ, ಕಾಲು ಆಯಿತು. ಉಳಿದ ಕಾಲು ಎಲ್ಲಿಂದ ಎಂದು ಹುಡುಕಿ ಹುಡುಕಿ, ಕೊನೆಗೆ ಮುಂದಿನ ಸೀಟಿನ ಅಡಿಯಿಂದ ನನ್ನ ಊಟದ ಡಬ್ಬಿಯ ಚಮಚ ಎತ್ತಿ ಹಿಡಿದ. ಆ ಚಮಚ ಕಾಣೆಯಾಗಿದೆ ಎಂದು ನಾನು ಹದಿನೈದು ದಿನದಿಂದ ಮನೆಯವರ ಮೇಲೆ ರೇಗುತ್ತಿದ್ದೆ. ಚಾದಂಗಡಿಯವರಿಗೆಲ್ಲ ಕೇಳುವ ಹಾಗೆ, "ಅಕ್ಕೋರ ಸ್ಪೀಕರ್ ಸಿಕ್ತು!" ಎಂದು ಕೂಗಿದ.

ನಗಬೇಡಿ, ಆ ಪಾಠ ನನಗೆ ಶಾಲೆಯಲ್ಲಿ ಬಹಳ ಉಪಯೋಗಕ್ಕೆ ಬಂತು. ಭಾಗಾಕಾರ ತಪ್ಪಿದ ಮಗುವಿಗೆ ಮೊದಲು ಇಡೀ ಲೆಕ್ಕ ಅಳಿಸಿ ಮತ್ತೆ ಮಾಡು ಎನ್ನುತ್ತಿದ್ದೆ. ಈಗ ಒಂದೊಂದೇ ಮೆಟ್ಟಿಲು ಒತ್ತಿ ನೋಡುತ್ತೇನೆ, ಗರ್ರ್ ಎಲ್ಲಿಂದ ಬರುತ್ತದೆ ಎಂದು. ಬೈಗುಳ ಕಡಿಮೆಯಾಗಿದೆ.

ಅವನಲ್ಲಿ ನನಗೆ ಇನ್ನೂ ಮೆಚ್ಚುಗೆಯಾಗಿದ್ದು ಯಾರ ತಪ್ಪನ್ನೂ ದೊಡ್ಡದು ಮಾಡದೆ ಇದ್ದದ್ದು. ಒಮ್ಮೆ ಭಟ್ಕಳದ ಇಬ್ಬರು ಹುಡುಗರು ಬಂದರು. ಒಂದೇ ವೂಫರ್ ಇದ್ದಾಗ ಚೆನ್ನಾಗಿತ್ತು, ತಾವೇ ಕೂತು ಎರಡನೆಯದು ಹಾಕಿದ ಮೇಲೆ ಬೇಸ್ ಪೂರ್ತಿ ಸತ್ತೇ ಹೋಯಿತು ಎಂದು ಅಳುಮುಖ ಮಾಡಿದರು. ಹಮ್ಮಣ್ಣ ಬೆನ್ನು ಕೊಟ್ಟು ನಕ್ಕ. ಇಬ್ಬರನ್ನೂ ಎದುರು ಬದುರು ನಿಲ್ಲಿಸಿ, ಅಂಗೈಗೆ ಅಂಗೈ ಹಚ್ಚಿಸಿ, ಒಬ್ಬ ದೂಡುವಾಗ ಇನ್ನೊಬ್ಬ ಹಿಂದೆ ಸರಿಯುವ ಹಾಗೆ ಮಾಡಿಸಿದ. "ಎಂತಾದ್ರೂ ಪೆಟ್ಟು ಹುಟ್ಟಿತಾ? ನಿಮ್ಮ ಎರಡು ಸ್ಪೀಕರೂ ಇದೇ ಆಟ ಆಡ್ತಿದ್ದಾವೆ" ಎಂದ. ಎರಡನೆಯದರ ತಂತಿ ಅದಲುಬದಲಾಗಿತ್ತು. ಆ ತಂತಿಯನ್ನು ಅವನು ಮುಟ್ಟಲಿಲ್ಲ. ಹುಡುಗರ ಕೈಯಲ್ಲೇ ಬಿಚ್ಚಿಸಿ ಅವರ ಕೈಯಲ್ಲೇ ತಿರುಗಿಸಿ ಹಾಕಿಸಿದ. ಡಿಕ್ಕಿ ಧಡ್ ಎಂದಾಗ ಅವರ ಮುಖ ನೋಡಬೇಕಿತ್ತು, ಕ್ಲಾಸಿನಲ್ಲಿ ಅಂಥ ಮುಖ ನನಗೆ ವರ್ಷಕ್ಕೆ ಒಂದೆರಡು ಸಿಗುತ್ತವೆ.

ಎರಡನೇ ವರ್ಷ ನನ್ನ ಡಬ್ಬಿಯ ಪ್ಲೈವುಡ್ ಕಡಲ ತೇವಕ್ಕೆ ಉಬ್ಬಿ ಮೂಲೆ ಬಿಟ್ಟುಕೊಂಡಿತು. "ಸ್ಪೀಕರು ಒಳ್ಳೇದೇ ಅಕ್ಕೋರೆ, ಅದಕ್ಕೆ ಮನೆ ಸರಿ ಇಲ್ಲ. ಹೊಸ ಮನೆ ಕಟ್ವ" ಎಂದ. ಮುಚ್ಚಿದ ಡಬ್ಬಿಯೋ ತೂತು ಇರುವ ಡಬ್ಬಿಯೋ ಎಂದು ಕೇಳಿದ. ಎರಡಕ್ಕೂ ಏನು ವ್ಯತ್ಯಾಸ ಎಂದೆ. ಆಗ ಅವನು ಶಟರಿನ ಒಳಗೆ ಹೋಗಿ ಮೇಲಿನ ಹಲಗೆಯಿಂದ ಬಟ್ಟೆ ಸುತ್ತಿದ ಒಂದು ಮಣ್ಣಿನ ಗಡಿಗೆ ತಂದ. ಹಾಲಕ್ಕಿಗಳು ಬಾರಿಸುವ ಗುಮಟೆ ವಾದ್ಯದ ಗಡಿಗೆ. ಒಂದು ಕಡೆ ಅಗಲದ ಬಾಯಿ, ಚರ್ಮ ಬಿಗಿಯುವುದಕ್ಕೆ. ಹಿಂದೆ ಸಣ್ಣ ಬಾಯಿ, ಗಾಳಿ ಹೋಗುವುದಕ್ಕೆ. ಗುಮಟೆಯನ್ನು ಬಗಲಿಗೆ ತೂಗಿಕೊಂಡವನು ಬಲಗೈಯಲ್ಲಿ ಚರ್ಮದ ಮೇಲೆ ಬಾರಿಸುತ್ತಾ ಎಡಗೈಯಲ್ಲಿ ಹಿಂದಿನ ಬಾಯಿಯನ್ನು ಮುಚ್ಚಿ ತೆರೆದು ಮಾಡುತ್ತಾನೆ. ಮುಚ್ಚಿದರೆ ದನಿ ಗಿಡ್ಡ, ತೆರೆದರೆ ಉದ್ದ. "ಕಂಪನಿಯವರು ಪುಸ್ತಕದಲ್ಲಿ ಬರೆದಿದ್ದು ಇದನ್ನೇ. ಮುಚ್ಚಿದ ಡಬ್ಬಿ, ಬಾಯಿ ಇರೂ ಡಬ್ಬಿ. ನಮ್ಮ ಮನೆಲಿ ಮಕ್ಕಳಿಗೂ ಗೊತ್ತು" ಎಂದ. ಆದರೆ ಆ ಗಡಿಗೆಗೆ ಚರ್ಮ ಇರಲಿಲ್ಲ. ಯಾಕೆ ಎಂದು ಕೇಳಿದೆ. ಅಷ್ಟು ಹೊತ್ತು ಬಾಯಿಗೆ ಬಂದದ್ದು ಹೇಳುತ್ತಿದ್ದವನು ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಮಾತು ತೂಗಿ ಹೇಳತೊಡಗಿದ.

ಅದು ಅವನ ಅಪ್ಪನದು. ಬೊಮ್ಮಯ್ಯ ಗೌಡರೆಂದರೆ ಸುತ್ತಲ ಕೊಪ್ಪಗಳಲ್ಲಿ ಗುಮಟೆಗೆ ಹೆಸರಾದವರು. ಹೋಳಿಯ ಹೊತ್ತಿಗೆ ಮನೆಮನೆಗೆ ಹೋಗಿ ಕುಣಿಯುವ ಸುಗ್ಗಿಯ ತಂಡ ಹೊರಟರೆ ಅವರ ಪೆಟ್ಟು ಕೇಳಿಯೇ ಯಾರ ಅಂಗಳದಲ್ಲಿ ಕುಣಿತ ನಡೆದಿದೆ ಎಂದು ಗೊತ್ತಾಗುತ್ತಿತ್ತಂತೆ. ಹಮ್ಮಣ್ಣ ಇಪ್ಪತ್ತರ ಹುಡುಗ, ಗೋವಾದಲ್ಲಿ ಸ್ಪೀಕರಿನ ಕೆಲಸ ಕಲಿತು ಊರಿಗೆ ಬಂದಿದ್ದ. ಗುಮಟೆಗೆ ಕರೆಂಟು ಕೊಟ್ಟರೆ ಏಳು ಊರಿಗೆ ಕೇಳುತ್ತದೆ, ಅಪ್ಪ ಬೆರಗಾಗಿ ಹೋಗುತ್ತಾನೆ ಎಂದು ತಲೆಗೆ ಹೊಕ್ಕಿತು. ಅಪ್ಪ ಗದ್ದೆಗೆ ಹೋದಾಗ ಗುಮಟೆಯ ಚರ್ಮ ಬಿಚ್ಚಿ ಆ ಬಾಯಿಗೆ ಕಾರಿನ ಸ್ಪೀಕರು ಕೂರಿಸಿದ. ಬಿಚ್ಚುವಾಗ ಚರ್ಮ ಹರಿಯಿತು. ಅದು ಉಡದ ಚರ್ಮ, ಅಜ್ಜನ ಕಾಲದ್ದು. ಉಡ ಹಿಡಿಯುವುದಕ್ಕೆ ಈಗ ಕಾನೂನು ಬಿಡುವುದಿಲ್ಲ, ಹೋದದ್ದು ಹೋಯಿತು. ಉಳಿದವರೆಲ್ಲ ಆಡಿನ ಚರ್ಮಕ್ಕೆ ಹೊಂದಿಕೊಂಡರು. ಬೊಮ್ಮಯ್ಯಜ್ಜ ಒಂದೆರಡು ಸಲ ಬಾರಿಸಿ ನೋಡಿ, ಇದು ನನ್ನ ದನಿ ಅಲ್ಲ ಎಂದು ಕೆಳಗಿಟ್ಟವರು ಮತ್ತೆ ಗುಮಟೆ ಮುಟ್ಟಲಿಲ್ಲ. ತಂಡಕ್ಕೂ ಹೋಗಲಿಲ್ಲ, ಮಗನನ್ನೂ ಸೇರಿಸಲಿಲ್ಲ.

"ಬೈದ್ರಾ?" ಎಂದೆ.

"ಬೈದಿದ್ರೆ ಒಳ್ಳೇದಿತ್ತು ಅಕ್ಕೋರೆ. ಉಣ್ಣೂಕೆ ಕರೀತಾ, ಗದ್ದೆ ಸುದ್ದಿ ಹೇಳ್ತಾ, ಜ್ವರ ಬಂದ್ರೆ ಕಷಾಯ ಕುದಿಸಿ ಕೊಡ್ತಾ. ಸೌಂಡಿನ ಸುದ್ದಿ ಮಾತ್ರ ಇಲ್ಲ. ಅಂಗಡಿಗೆ ಬರೂದಿಲ್ಲ. ನಾ ಸ್ಪೀಕರ್ ಹಾಕಿದ ಗಾಡಿ ಹೇಳಿ ಗೊತ್ತಾದ್ರೆ ಆ ಗಾಡಿಗೆ ಹತ್ತೂದೂ ಇಲ್ಲ. ಇಪ್ಪತ್ತು ವರ್ಷದ ಮೇಲಾತು." ಆಮೇಲೆ ಗಡಿಗೆಗೆ ಮತ್ತೆ ಬಟ್ಟೆ ಸುತ್ತುತ್ತಾ, "ಒಂದ್ಸಲ ಅಂವ ಕೇಳ್ಬೇಕು. ಒಳ್ಳೇದಿಲ್ಲ ಅಂದ್ರೂ ಅಡ್ಡಿಲ್ಲ" ಎಂದ.

ನನ್ನ ಹೊಸ ಡಬ್ಬಿ ಆಯಿತು. ಹಿಂದೆ ಒಂದು ಬಾಯಿ, ಅದಕ್ಕೆ ಒಳಗೆ ಹೋಗುವ ಪೈಪು. ಸೊಗಸಾಗಿ ಕೇಳುತ್ತಿತ್ತು. ಆದರೂ ಹಮ್ಮಣ್ಣನಿಗೆ ಸಮಾಧಾನವಿಲ್ಲ. ಪ್ರತಿ ವಾರ ಗಾಡಿ ನಿಲ್ಲಿಸಿಕೊಂಡು ಪೈಪನ್ನು ತೆಗೆದು ಅರ್ಧ ಬೆರಳು ಕುಯ್ಯುವುದು, ಹಾಕುವುದು, ತನ್ನ ಪೆನ್‌ಡ್ರೈವಿನಿಂದ ಒಂದು ತುಣುಕು ಹಾಕಿ ಬೆನ್ನು ಕೊಟ್ಟು ಕೇಳುವುದು, ತಲೆ ಅಲ್ಲಾಡಿಸುವುದು. ನಾನು ಚಾದಂಗಡಿಯಲ್ಲಿ ಕೂತು ಮಕ್ಕಳ ಪಟ್ಟಿ ಪುಸ್ತಕ ತಿದ್ದುತ್ತಿದ್ದೆ. ಸಾಕು ಮಾರಾಯಾ, ನನ್ನ ಕಿವಿಗೆ ಇದೇ ಹೆಚ್ಚು ಎಂದರೆ, "ನಿಮ್ಮ ಕಿವಿಗಲ್ಲ" ಎನ್ನುತ್ತಿದ್ದ. ಆಗ ನನಗೆ ಹೊಳೆಯಲಿಲ್ಲ.

ಮುಂದೊಂದು ದಿನ, ಬೇಸಿಗೆ ರಜೆ ಬಂದ ಮೇಲೆ, ಕುಮಟಾದ ನಮ್ಮ ಮನೆಗೇ ಬಂದ. ಎಂದೂ ಬಂದವನಲ್ಲ. ಜಗಲಿಯಲ್ಲಿ ಕೂತು ಚಾ ಲೋಟವನ್ನು ತಿರುಗಿಸುತ್ತಾ ಇದ್ದ. ಅಪ್ಪನ ಕಣ್ಣಿಗೆ ಪೊರೆ ಬಂದಿದೆ, ಕುಮಟಾದ ಡಾಕ್ಟರಲ್ಲಿ ತೋರಿಸಬೇಕು, ಬೈಕಿನ ಹಿಂದೆ ಕೂರುವ ಧೈರ್ಯ ಅವರಿಗೆ ಈಗ ಇಲ್ಲ, ನಿಮ್ಮ ಗಾಡಿಯಲ್ಲಿ ಕರೆದುಕೊಂಡು ಬರುತ್ತೀರಾ ಎಂದ. ಅದಕ್ಕೆಂತ ಕೇಳುವುದು, ಬರುತ್ತೇನೆ ಎಂದೆ. ಅವನು ಇನ್ನೂ ಏಳಲಿಲ್ಲ. ಜೇಬಿನಿಂದ ಆ ಪೆನ್‌ಡ್ರೈವ್ ತೆಗೆದು ಮುಂದಿಟ್ಟ.

ಹಿಂದೆ ಯಾರೋ ಜನಪದ ಹಾಡು ಸಂಗ್ರಹಿಸುವವರು ಕೊಪ್ಪಕ್ಕೆ ಬಂದು, ಬೊಮ್ಮಯ್ಯಜ್ಜನ ತಂಡದ ಹಾಡು ಹಿಡಿದುಕೊಂಡು, ಒಂದು ಕ್ಯಾಸೆಟ್ ಕೊಟ್ಟು ಹೋಗಿದ್ದರು. ಉಡದ ಚರ್ಮ ಹರಿಯುವುದಕ್ಕೆ ಮುಂಚಿನ ಮಾತು. ಮನೆಯ ಸಣ್ಣ ಟೇಪ್ ರೆಕಾರ್ಡರಿನಲ್ಲಿ ಹಾಕಿದರೆ ಹಾಡು ಕೇಳುತ್ತಿತ್ತು, ಜಾಗಟೆ ಕೇಳುತ್ತಿತ್ತು, ಗುಮಟೆ ಬರೀ ಟಕಟಕ ಎನ್ನುತ್ತಿತ್ತು. ನನ್ನ ಗುಮಟೆ ಇದರಲ್ಲಿ ಬಂದೇ ಇಲ್ಲ ಎಂದು ಅಜ್ಜ ಆ ಕ್ಯಾಸೆಟನ್ನು ಮಾಡಿನ ಸಂದಿಗೆ ಸೇರಿಸಿದ್ದರಂತೆ. ಹಮ್ಮಣ್ಣ ಅದನ್ನು ತೆಗೆದು ಈ ಪೆನ್‌ಡ್ರೈವಿಗೆ ಇಳಿಸಿಕೊಂಡಿದ್ದ. "ಬಂದಿದೆ ಅಕ್ಕೋರೆ! ಕ್ಯಾಸೆಟ್ಟಲ್ಲಿ ಎಲ್ಲ ಇತ್ತು. ಆ ಟೇಪಿಗೆ ಹೇಳೂಕೆ ಬರ್ತಿರ್ಲಿಲ್ಲ, ಅಷ್ಟೇ" ಎಂದ ಹಮ್ಮಣ್ಣ. ವರ್ಷವಿಡೀ ನನ್ನ ಪೈಪನ್ನು ಅರ್ಧ ಬೆರಳು, ಕಾಲು ಬೆರಳು ಕುಯ್ದದ್ದು ಆ ದನಿಗೆ ಹೊಂದಿಸುವುದಕ್ಕೆ.

ನನಗೆ ನಿಜಕ್ಕೂ ಸಿಟ್ಟು ಬಂತು. "ಅಂದ್ರೆ ನನ್ನ ಗಾಡಿ ಮೇಲೆ ಪ್ರಯೋಗ ಮಾಡಿದೆ ನೀನು! ನನ್ನ ಹತ್ತಿರ ಒಂದು ಮಾತು ಕೇಳಬಾರದಿತ್ತಾ?"

"ಬೇರೆ ಎಂತ ಮಾಡೂದು? ಹುಡುಗರ ಗಾಡಿ ಕಂಡ್ರೇ ಅಪ್ಪಂಗೆ ಸಂಶಯ. ಅಕ್ಕೋರ ಗಾಡಿಲಿ ಇಷ್ಟು ದೊಡ್ಡ ಡಬ್ಬಿ ಇರ್ತದೆ ಹೇಳಿ ಯಾರಿಗೆ ಕನಸು ಬೀಳ್ತದೆ?"

ಸಿಟ್ಟು ಮುಗಿಸುವುದರೊಳಗೆ ನಗು ಬಂದುಬಿಟ್ಟಿತು. ಅಜ್ಜ ಕೇಳಿ ರೇಗಿದರೆ ಏನು ಹೇಳಲಿ ಎಂದೆ. ಭಟ್ಕಳದಿಂದ ಕೊಂಡದ್ದು ಎನ್ನಿ ಎಂದ. ವಾಲ್ಯೂಮ್ ಎಷ್ಟು ಇಡಬೇಕೆಂದು ತಿರುಗಿಸುವ ಗುಂಡಿಯ ಪಕ್ಕ ಚಾಕಿನಲ್ಲಿ ಗೆರೆ ಎಳೆದು, "ಇದರ ಮೇಲೆ ಒಂದು ಕೂದಲೆಳೆನೂ ಬೇಡ" ಎಂದು ಮೂರು ಸಲ ಹೇಳಿ ಹೋದ.

ಮರುದಿನ ಬೆಳಿಗ್ಗೆ ಕೊಪ್ಪಕ್ಕೆ ಹೋದೆ. ಬೊಮ್ಮಯ್ಯಜ್ಜ ಸಪೂರದ ಮನುಷ್ಯ, ಬಿಳೀ ಅಂಗಿ ಹಾಕಿಕೊಂಡು ತಯಾರಾಗಿ ಕೂತಿದ್ದರು. "ಅಕ್ಕೋರಿಗೆ ತೊಂದ್ರೆ ಆತು" ಎನ್ನುತ್ತಾ ಹಿಂದಿನ ಸೀಟಿಗೆ ಹತ್ತಿದರು. ಹಮ್ಮಣ್ಣ ಬೈಕಿನಲ್ಲಿ ಹಿಂದೆ ಬರುತ್ತೇನೆ ಎಂದ. ಅವನ ಮುಖ ಪರೀಕ್ಷೆಗೆ ಬಂದ ಮ‌ಕ್ಕಳ ಮುಖದ ಹಾಗೆ ಬಿಳಚಿಕೊಂಡಿತ್ತು. ನನ್ನ ಸ್ಥಿತಿಯೂ ಹೆಚ್ಚೇನೂ ಭಿನ್ನವಿರಲಿಲ್ಲ. ಒಂದು ಮೈಲಿ ಮಳೆ ಬೆಳೆ ಮಾತಾಡಿ, ಎದೆ ಗಟ್ಟಿ ಮಾಡಿ, "ಒಂದು ಹಾಡು ಹಾಕ್ಲಾ ಅಜ್ಜಾ?" ಎಂದೆ. ಹಾಕಿ ಎಂದರು.

ಮೊದಲು ಗಂಡಸರ ದನಿ, ಆಮೇಲೆ ಜಾಗಟೆ. ಅಜ್ಜ ಕಿಟಕಿಯ ಹೊರಗೆ ನೋಡುತ್ತಿದ್ದರು. ನಂತರ ಗುಮಟೆ ಎದ್ದಿತು. ಕನ್ನಡಿಯಲ್ಲಿ ಅವರ ಕುತ್ತಿಗೆ ಒಮ್ಮೆಲೇ ನೆಟ್ಟಗಾದದ್ದು ಕಂಡಿತು. ನಿಧಾನಕ್ಕೆ ಎಡಗೈ ಬಗಲಿಗೆ ಬಂತು, ಅಂಗೈ ತೆರೆಯಿತು, ಮುಚ್ಚಿತು, ತೆರೆಯಿತು. ಗುಮಟೆ ಇಲ್ಲದೆಯೇ ಗುಮಟೆಯ ಹಿಂದಿನ ಬಾಯಿಯ ಮೇಲೆ ಆ ಕೈ ಓಡಾಡುತ್ತಿತ್ತು. ನಾನು ರಸ್ತೆ ನೋಡಬೇಕೋ ಕನ್ನಡಿ ನೋಡಬೇಕೋ ತಿಳಿಯದೆ ಗಾಡಿಯನ್ನು ಎತ್ತಿನಗಾಡಿಯ ವೇಗಕ್ಕೆ ಇಳಿಸಿದ್ದೆ.

"ತಿರುಗಿ ಹಾಕಿ" ಎಂದರು. ಹಾಕಿದೆ. ಮತ್ತೊಮ್ಮೆ ಎಂದರು. ಮೂರನೇ ಸಲ ನಡುವೆ ಕೈ ಎತ್ತಿದರು. "ಇಲ್ಲಿ! ಇಲ್ಲಿ ನಂದು ಎಡಗೈ ತಡ ಆತು. ಕೇಳ್ತಾ? ಮುಚ್ಚಬೇಕಿತ್ತು, ಮುಚ್ಲಿಲ್ಲ. ನಂಗೆ ಆವತ್ತೇ ಗೊತ್ತಿತ್ತು." ಅಷ್ಟು ಹಳೆಯ ತಪ್ಪು ಸಿಕ್ಕಿದ್ದಕ್ಕೆ ಅವರಿಗಾದ ಸಂತೋಷ ಹೇಳತೀರದು. ಆಮೇಲೆ ದನಿ ತಗ್ಗಿಸಿ, "ಇದು ಹೇಳೂ ಡಬ್ಬಿ ಯಾರು ಮಾಡಿದ್ದು?" ಎಂದರು.

ಭಟ್ಕಳದ ಸುಳ್ಳು ನನ್ನ ನಾಲಗೆಯ ತುದಿಯಲ್ಲಿ ಇತ್ತು. ಆದರೆ ಆ ಮನುಷ್ಯ ಈಗಷ್ಟೇ ತನ್ನ ತಪ್ಪು ಒಪ್ಪಿಕೊಂಡಿದ್ದರು. "ನಿಮ್ಮ ಹಮ್ಮಣ್ಣ" ಎಂದೆ.

ಒಂದು ತಿರುವು ಕಳೆಯಿತು. "ಗಾಡಿ ನಿಲ್ಸಿ ಅಕ್ಕೋರೆ."

ಮುಗಿಯಿತು, ಇಳಿದು ನಡೆದೇ ಹೋಗುತ್ತಾರೆ, ಎಲ್ಲ ಹಾಳಾಯಿತು ಎಂದುಕೊಂಡು ಬದಿಗೆ ನಿಲ್ಲಿಸಿದೆ. ಅಜ್ಜ ಇಳಿಯಲಿಲ್ಲ, ಕಿಟಕಿ ಇಳಿಸಿ ಕಾದರು. ಹಿಂದಿನಿಂದ ಬಂದ ಹಮ್ಮಣ್ಣ ಬೈಕನ್ನು ಹೇಗೋ ನಿಲ್ಲಿಸಿ ಹೆಲ್ಮೆಟ್ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ಬಂದು ನಿಂತ. ಅಜ್ಜ ಅವನ ಮುಖ ನೋಡದೆ, ಎದುರಿನ ಸೀಟಿಗೆ ಹೇಳುವ ಹಾಗೆ ಹೇಳಿದರು. "ದನಿ ಸ್ವಲ್ಪ ಮೇಲೆ ಹೋಗಿದೆ ಹಮ್ಮಾ. ಹಿಂದಿನ ಬಾಯಿ ದೊಡ್ಡ ಆತು."

ಹಮ್ಮಣ್ಣನ ಸೌಂಡಿಗೆ ಕೊಂಕು ಹೇಳಿದವರು ಸಾಮಾನ್ಯಕ್ಕೆ ತಪ್ಪಿಸಿಕೊಂಡು ಹೋಗುವ ಹಾಗಿರಲಿಲ್ಲ, ಅರ್ಧ ದಿನ ನಿಲ್ಲಿಸಿ ವಾದಿಸುತ್ತಿದ್ದ. ಈಗ, "ಎಷ್ಟು ಸಣ್ಣ ಮಾಡ್ಲಿ ಅಪ್ಪಾ?" ಎಂದ.

ಅಜ್ಜ ಹೆಬ್ಬೆರಳು ತೋರುಬೆರಳು ಬಿಡಿಸಿ ಕಿಟಕಿಯಿಂದ ಹೊರಗೆ ಹಿಡಿದರು. "ಇಷ್ಟು."

ಹಮ್ಮಣ್ಣ ಜೇಬಿನಿಂದ ಅಳತೆಯ ಟೇಪು ತೆಗೆದು ಅಪ್ಪನ ಎರಡು ಬೆರಳಿನ ನಡುವೆ ಇಟ್ಟು ಅಳೆದ. ಒಂದು ಸಲ ಅಳೆದು, ಕಣ್ಣು ಒರೆಸಿಕೊಂಡು, ನಂಬಿಕೆ ಬಾರದೆ ಇನ್ನೊಂದು ಸಲ ಅಳೆದ. ಅಜ್ಜ ಬೆರಳು ಅಲುಗಿಸದೆ ಹಿಡಿದೇ ಇದ್ದರು. ಸ್ಟಿಯರಿಂಗ್ ಹಿಡಿದುಕೊಂಡು ನಾನು ಅತ್ತೆ, ಅದನ್ನು ಮುಚ್ಚಿಡುವುದೇನಿದೆ.

ಅಜ್ಜ ಹೇಳಿದ್ದೇ ಸರಿಯಾಗಿತ್ತು. ಬಾಯಿ ಅಷ್ಟು ಸಣ್ಣ ಮಾಡಿದ ಮೇಲೆ ದನಿ ತನ್ನ ಜಾಗಕ್ಕೆ ಇಳಿದು ಕೂತಿತು, ವರ್ಷವಿಡೀ ಪೈಪು ಕುಯ್ದವನು ತಲೆ ಕೆರೆದುಕೊಂಡ. ಕಣ್ಣಿನ ಆಪರೇಶನ್ನೂ ಚೆನ್ನಾಗಿ ಆಯಿತು. ಆಮೇಲೆ ಬೊಮ್ಮಯ್ಯಜ್ಜ ವಾರಕ್ಕೆರಡು ದಿನ ಮಗನ ಬೈಕಿನ ಹಿಂದೆ ಕೂತು ಅಂಗಡಿಗೆ ಬರತೊಡಗಿದರು. ಬಂದವರಿಗೆಲ್ಲ ಉಪದೇಶ. ಕಿಟಕಿ ಗಾಜು ನಡುಗಿಸುವ ಹುಡುಗರನ್ನು ಕರೆದು, "ಬಾರಿಸೂದು ಅಂದ್ರೆ ಹೊಡೆಯೂದಲ್ಲ ಮಗಾ" ಎನ್ನುತ್ತಿದ್ದರು. ಗಿರಾಕಿ ಓಡಿಸ್ತಾ ನನ್ನಪ್ಪ ಎಂದು ಹಮ್ಮಣ್ಣ ಗೊಣಗುತ್ತಿದ್ದ, ಹಲ್ಲು ಬಿಟ್ಟುಕೊಂಡು. ಆ ಚಳಿಗಾಲದಲ್ಲಿ ಇಬ್ಬರೂ ಸೇರಿ ಕುಂಬಾರರಿಂದ ಹೊಸ ಗಡಿಗೆ ಎರಡು ತರಿಸಿದರು. ಆಡಿನ ಚರ್ಮಕ್ಕೆ ಹಿಂದಿನ ಬಾಯಿ ಎಷ್ಟಿದ್ದರೆ ಹಳೇ ದನಿಗೆ ಹತ್ತಿರ ಬರುತ್ತದೆ ಎಂದು ಅಪ್ಪನ ಬೆರಳು, ಮಗನ ಟೇಪು, ಇಬ್ಬರ ಜಗಳ. ಚಾದಂಗಡಿಯಲ್ಲಿ ಕೂತು ನಾನು ಅದನ್ನೆಲ್ಲ ನಾಟಕ ನೋಡಿದ ಹಾಗೆ ನೋಡಿದ್ದೇನೆ.

ಕಳೆದ ಸುಗ್ಗಿಯ ಹೊತ್ತಿಗೆ ನನ್ನ ವೂಫರ್ ಇದ್ದಕ್ಕಿದ್ದ ಹಾಗೆ ಮೂಕವಾಯಿತು. ಫ್ಯೂಸ್ ನೋಡಿದೆ, ಅರ್ತ್ ನೋಡಿದೆ, ಒಂದು ಸಲಕ್ಕೆ ಒಂದೇ ಮುಟ್ಟಿ ನನಗೆ ಗೊತ್ತಿರುವುದನ್ನೆಲ್ಲ ಮಾಡಿದೆ. ಆಗಲಿಲ್ಲ. ಬೆಳಿಗ್ಗೆ ಶಾಲೆಗೆ ಹೋಗುವಾಗ ಹೊನ್ನಾವರದಲ್ಲಿ ನಿಲ್ಲಿಸಿದರೆ ಶಟರು ಮುಚ್ಚಿದೆ. ಚಪ್ಪರದಡಿ ಒಂದು ಮೀನಿನ ವ್ಯಾನು ಆಗಲೇ ಕಾಯುತ್ತಿತ್ತು. ಇಷ್ಟು ವರ್ಷದಲ್ಲಿ ಹಮ್ಮಣ್ಣ ಹೇಳದೆ ಕೇಳದೆ ಅಂಗಡಿ ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ಸಿಟ್ಟಿನಲ್ಲೇ ಫೋನು ಮಾಡಿದೆ. ಬಹಳ ಹೊತ್ತು ರಿಂಗಾದ ಮೇಲೆ ಯಾರೋ ಎತ್ತಿದರು. ಹಿಂದೆ ಗದ್ದಲ, ಜಾಗಟೆ, ಗಂಡಸರ ಹಾಡು.

"ಹಮ್ಮಣ್ಣಾ, ಎಲ್ಲಿದ್ದೆ ಮಾರಾಯಾ? ನನ್ನ ಡಬ್ಬಿ ಸತ್ತು ಹೋಗಿದೆ!"

"ಅಕ್ಕೋರಾ? ನಾ ಬೊಮ್ಮಯ್ಯ." ಅಜ್ಜನ ಉಸಿರು ಏರಿತ್ತು, ದನಿಯಲ್ಲಿ ನಗು ಇತ್ತು. "ಅಂವ ಈಗ ಬರೂದಿಲ್ಲ. ಬಾರಿಸೂಕೆ ಅಡ್ಡ ಆಗ್ತದೆ ಹೇಳಿ ಫೋನು ನನ್ನ ಹತ್ರ ಕೊಟ್ಟಿದ್ದ. ಸುಗ್ಗಿ ಮುಗೀಲಿ, ನಾಕ್ ದಿನ ತಡೀರಿ."

"ಆತು ಅಜ್ಜಾ" ಎಂದೆ. ಅವರು ಫೋನು ಇಡಲು ಮರೆತರೋ, ಬೇಕೆಂದೇ ಇಡಲಿಲ್ಲವೋ, ಮತ್ತೆ ಅವರ ದನಿ ಬಂತು.

"ಕೇಳ್ತಾ ಅಕ್ಕೋರೆ? ನನ್ನ ಬಗಲಲ್ಲೇ ನಿಂತು ಗುಮಟೆ ಬಾರಿಸ್ತಾ ಇದ್ದಾನೆ, ನನ್ನ ಮಗ."